ಸೆಟ್ಟಿನ ಆರನೇ ಕುರ್ಚಿ

"ಹೊಸದರಲ್ಲಿ ಗಟ್ಟಿ ಅನ್ಸುತ್ತೆ ಸಾರ್. ನಾಲ್ಕು ತಿಂಗಳು ಕೂತು ಎದ್ದು ಮಾಡಿ, ತಾನಾಗೇ ಸೆಟ್ ಆಗುತ್ತೆ," ಎಂದು ಪೀಠೋಪಕರಣದ ಅಂಗಡಿಯ ಯಜಮಾನರು ಹೇಳುತ್ತಿದ್ದರು. ಎದುರಿಗೆ ಸೋಫಾದ ಮೇಲೆ ಕೂತಿದ್ದ ಗಿರಾಕಿ ಮುಖ ಹಿಂಡುತ್ತಿದ್ದ. ಅಷ್ಟರಲ್ಲಿ ಸಾಮಾನು ಸಾಗಿಸುವ ಬಾಡಿಗೆ ಗಾಡಿಯೊಂದು ಬಾಗಿಲ ಮುಂದೆ ಬಂದು ನಿಂತಿತು. ಡ್ರೈವರ್ ಹಿಂದಿನಿಂದ ಒಂದು ಕುರ್ಚಿ ಇಳಿಸಿದ. ಎತ್ತರದ ಬೆನ್ನು, ಜೇನಿನ ಬಣ್ಣದ ಪಾಲಿಶ್, ಬೆನ್ನಿನ ನಡುವೆ ಒಂದು ಎಲೆಯ ಕೆತ್ತನೆ. ಅದರ ಹಿಂದೆಯೇ ಸೂಟ್‌ಕೇಸು ಹಿಡಿದುಕೊಂಡು ಯಜಮಾನರ ಮಗಳು ಇಳಿದಳು. ಯಜಮಾನರಿಗೆ ಮೊದಲು ಗುರುತು ಸಿಕ್ಕಿದ್ದು ಕುರ್ಚಿಯದು, ಆಮೇಲೆ ಮಗಳದು.

ಹೋದ ವರ್ಷ ಮಗಳ ಮದುವೆಯಲ್ಲಿ ಅವರೇ ಕೊಟ್ಟಿದ್ದ ಊಟದ ಮೇಜಿನ ಸೆಟ್ಟು ಅದು. ಒಂದು ಮೇಜು, ಆರು ಕುರ್ಚಿ. ಆ ನಮೂನೆಯದು ಅಂಗಡಿಗೆ ಬಂದಿದ್ದೇ ಒಂದು. ಅದನ್ನು ಬೀಗರ ಮನೆಗೆ ಸಾಗಿಸುವ ದಿನ ಯಜಮಾನರು ಗಾಡಿಯ ಮುಂದೆ ತಾವೇ ಕೂತು ಹೋಗಿದ್ದರು. ಮಗಳನ್ನು ಕಳಿಸುವಾಗ ಅಂಗಡಿಯಲ್ಲಿ ಗಿರಾಕಿಗಳಿದ್ದಾರೆಂದು ಬಾಗಿಲಲ್ಲೇ ಕೈಬೀಸಿದ್ದರು.

"ಇದೊಂದನ್ನೇ ಯಾಕೆ ತಗೊಂಡು ಬಂದೆ? ಸೆಟ್ ಮುರಿದುಬಿಟ್ಟೆಯಲ್ಲ," ಎಂದರು. ಮಗಳು ಕುರ್ಚಿಯನ್ನು ಸೊಂಟಕ್ಕಿಟ್ಟುಕೊಂಡು, ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಮಹಡಿಯ ಮೇಲಿನ ಮನೆಗೆ ಹೋದಳು. ಗಿರಾಕಿ ಎದ್ದು, ಆಮೇಲೆ ಬರ್ತೀವಿ ಎಂದು ಹೇಳಿ ಜಾರಿಕೊಂಡ.

ಯಜಮಾನರಿಗೆ ಇಂಗ್ಲಿಷಿನ ಶಬ್ದಗಳು ಎಷ್ಟು ಗೊತ್ತಿದ್ದವೋ ಏನೋ, ಕೆಲಸಕ್ಕೆ ಹಚ್ಚಿದ್ದು ಮಾತ್ರ ಒಂದೇ. ಅವರು ಮಾರುತ್ತಿದ್ದದ್ದು ಸೋಫಾ ಸೆಟ್, ಮಂಚದ ಸೆಟ್. ಗಿರಾಕಿ ತಲೆಯಾಡಿಸಿದರೆ ಅವನು ಸೆಟ್ ಆದ. ಬೀರು ಅಲುಗಾಡಿದರೆ ಕಾಲಿನಡಿ ರಟ್ಟು ತುರುಕಿ ಸೆಟ್ ಮಾಡು ಎಂದು ಕೆಲಸದವರಿಗೆ ಹೇಳುತ್ತಿದ್ದರು. ತೆರಿಗೆಯವರು ಬಂದುಹೋದ ಸಂಜೆ, ಅವರನ್ನೂ ಸೆಟ್ ಮಾಡಿ ಕಳಿಸಿದೆ ಎಂದು ಎದೆಯುಬ್ಬಿಸಿಕೊಂಡು ಮಹಡಿ ಹತ್ತುತ್ತಿದ್ದರು. ಹೆಂಡತಿಗೆ ಮೊಣಕಾಲು ನೋವು ಶುರುವಾದಾಗ, ಓಡಾಡ್ತಾ ಇದ್ರೆ ಸೆಟ್ ಆಗುತ್ತೆ ಎಂದರು. ಆ ತಾಯಿ ಓಡಾಡಿ ಓಡಾಡಿ ಈಗ ಗೋಡೆ ಹಿಡಿದುಕೊಂಡು ನಡೆಯುತ್ತಾಳೆ. ಮಗಳಿಗೆ ಗಂಡು ನೋಡಿಕೊಂಡು ಬಂದ ದಿನ ಹುಡುಗ ಸೆಟ್ ಆಗಿದಾನೆ ಎಂದರು. ಅಂದರೆ ಅವನಿಗೆ ಮನೆಯಿದೆ, ಕಾರಿದೆ, ಒಳ್ಳೇ ಕೆಲಸವಿದೆ ಎಂದರ್ಥ. ಅವಳ ಬಗ್ಗೆ ಏನಾದರೂ ಮಾತಾಡಿದನಾ ಎಂದು ಹೆಂಡತಿ ಕೇಳಿದ್ದಕ್ಕೆ, ಅದೆಲ್ಲ ಮದುವೆಯಾದ ಮೇಲೆ ತಾನೇ ಸೆಟ್ ಆಗುತ್ತೆ ಎಂದರು. ಯೋಚನೆ ಮಾಡುವ ಶ್ರಮವನ್ನು ಈ ಒಂದು ಶಬ್ದ ಅವರಿಗೆ ಎಷ್ಟು ಉಳಿಸಿತ್ತೆಂದರೆ, ಅರವತ್ತು ದಾಟಿದರೂ ಹಣೆಯ ಮೇಲೆ ಒಂದು ಗೆರೆ ಇರಲಿಲ್ಲ.

ವ್ಯಾಪಾರದಲ್ಲಿ ಅವರದೊಂದು ನಿಯಮವಿತ್ತು. ಸೆಟ್ ಮುರಿಯುವ ಹಾಗಿಲ್ಲ. ಆರು ಕುರ್ಚಿಯ ಸೆಟ್ಟಿನಿಂದ ಯಾರಾದರೂ ಒಂದೇ ಕೇಳಿದರೆ, ದಂಪತಿಗಳಲ್ಲಿ ಒಬ್ಬರನ್ನು ಮಾತ್ರ ಊಟಕ್ಕೆ ಕರೀತೀರಾ ಎಂದು ನಗುತ್ತಿದ್ದರು. ಒಮ್ಮೆ ನಿವೃತ್ತ ಟೀಚರಮ್ಮ ಒಬ್ಬರು ಮುರಿದ ಕುರ್ಚಿಯ ಬದಲಿಗೆ ಅಂಥದೇ ಒಂದು ಸಿಗುತ್ತದೆಯೇ ಎಂದು ಕೇಳಿಕೊಂಡು ಬಂದಿದ್ದರು. ಯಜಮಾನರು ಆ ಹೆಂಗಸಿನ ತಲೆ ಸವರಿ ಹೊಸ ಸೆಟ್ಟನ್ನೇ ದಾಟಿಸಿ, ಉಳಿದ ಹಳೇ ಕುರ್ಚಿಗಳನ್ನು ಮನೆಯಲ್ಲಿ ಜಾಗ ಯಾಕೆ ಹಾಳು ಮಾಡ್ತೀರಿ ಎಂದು ಪುಕ್ಕಟೆ ಎತ್ತಿಕೊಂಡು ಬಂದಿದ್ದರು. ಮಾರಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ ಎಂಬ ಬೋರ್ಡು ಗಲ್ಲಾದ ಮೇಲೆ ನೇತಾಡುತ್ತಿತ್ತು. ದನಿ ಎತ್ತಿ ಜಗಳ ಮಾಡಿದವರ ಮಾಲನ್ನು ಮಾತ್ರ ಹಿಂಬಾಗಿಲಿನಿಂದ ತೆಗೆದುಕೊಳ್ಳುತ್ತಿದ್ದರು. ಹೀಗಾಗಿ ಮಹಡಿಯ ಮನೆಯಲ್ಲಿ ಒಂದಕ್ಕೊಂದು ಹೊಂದುವ ಎರಡು ಕುರ್ಚಿಗಳಿರಲಿಲ್ಲ. ಒಂದರ ಕಾಲು ಗಿಡ್ಡ, ಒಂದರ ಬೆನ್ನು ಬೇರೆ ಬಣ್ಣದ್ದು. ಊರಿಗೆಲ್ಲ ಸೆಟ್ ಮಾರುವವರ ಮನೆಯವರು ಇಷ್ಟು ವರ್ಷ ಕೂತದ್ದು ಇವುಗಳ ಮೇಲೆ.

ಮಧ್ಯಾಹ್ನ ಯಜಮಾನರು ಊಟಕ್ಕೆ ಮೇಲೆ ಹೋದಾಗ ಮಗಳು ಆ ಕುರ್ಚಿಯನ್ನೇ ಮೇಜಿಗೆ ಎಳೆದುಕೊಂಡು ಊಟ ಮಾಡುತ್ತಿದ್ದಳು. ತಾಯಿ ಪಕ್ಕದಲ್ಲಿ ಕೂತಿದ್ದಳು. ಆಗಲೇ ಎಲ್ಲ ಕೇಳಿಸಿಕೊಂಡಾಗಿತ್ತು. ಯಜಮಾನರು ಕೈತೊಳೆದು ಬಂದು, ಬಾಯಿಗೆ ಬೆರಳು ಹಾಕಿ ಹಲ್ಲಿನ ಸೆಟ್ಟನ್ನು ತೆಗೆದು ತಟ್ಟೆಯ ಪಕ್ಕದ ಬಟ್ಟಲಲ್ಲಿಟ್ಟರು. ಮೇಲಿನದೂ ಕೆಳಗಿನದೂ ಎರಡೂ ಕಟ್ಟಿಸಿದ ಹಲ್ಲು. ಕಟ್ಟಿಸಿ ಮೂರು ವರ್ಷವಾಗಿತ್ತು. ನನ್ನ ಸ್ವಂತ ಹಲ್ಲಿನ ಹಾಗೇ ಸೆಟ್ ಆಗಿಬಿಟ್ಟಿದೆ ಎಂದು ಅಂಗಡಿಗೆ ಬಂದವರಿಗೆಲ್ಲ ಹಲ್ಲು ಕಿರಿದು ತೋರಿಸುತ್ತಿದ್ದರು. ಆದರೆ ಮನೆಯಲ್ಲಿ ಒಂದು ದಿನವೂ ಅದನ್ನು ಹಾಕಿಕೊಂಡು ಉಂಡವರಲ್ಲ. ಹಾಕಿಕೊಂಡು ಅಗಿದರೆ ಒಸಡು ಕೆತ್ತಿ ಹುಣ್ಣಾಗುತ್ತಿತ್ತು. ಹೆಂಡತಿ ಅವರ ಪಾಲನ್ನು ಬೇರೆ ಪಾತ್ರೆಯಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಸೌಟಿನ ಹಿಂಬದಿಯಿಂದ ಹಿಸುಕಿ ಬಡಿಸುತ್ತಿದ್ದಳು. ನೆಂಟರು ಬಂದ ದಿನ ಯಜಮಾನರು ಹೊಟ್ಟೆ ಸರಿಯಿಲ್ಲ ಎಂದು ಹೇಳಿ, ಅವರೆಲ್ಲ ಹೋದ ಮೇಲೆ ಉಣ್ಣುತ್ತಿದ್ದರು. ಮನೆಯಲ್ಲಿ ಯಾರೂ ಇದರ ಬಗ್ಗೆ ಮಾತಾಡುತ್ತಿರಲಿಲ್ಲ.

ಮಗಳು ಹೇಳಿದ್ದು ದೊಡ್ಡ ಕಥೆಯೇನೂ ಅಲ್ಲ. ಗಂಡನ ಮನೆಯಲ್ಲಿ ಅತ್ತೆ, ಮಾವ, ಭಾವ, ಓರಗಿತ್ತಿ, ಗಂಡ ಮತ್ತು ಇವಳು. ಆರು ಜನ, ಆರು ಕುರ್ಚಿ. ಇವಳು ಆ ಮನೆಗೆ ಹೋದ ಮೊದಲ ವಾರದಲ್ಲೇ ಆರನೇ ಕುರ್ಚಿಯ ಮೇಲೆ ಒಗೆದ ಬಟ್ಟೆಯ ರಾಶಿ ಬಂದು ಕೂತಿತು. ಇವಳು ಎಲ್ಲರಿಗೂ ಬಡಿಸಿ, ಬಟ್ಟೆ ತೆಗೆದಿಟ್ಟು ಕೂತುಕೊಂಡರೆ, ಮರುದಿನ ಅದೇ ಜಾಗದಲ್ಲಿ ಮತ್ತೆ ಬಟ್ಟೆ, ಅದರ ಮೇಲೆ ಇಸ್ತ್ರಿಪೆಟ್ಟಿಗೆ. ಕೂರಬೇಡ ಎಂದು ಯಾರೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಜಗಳವಾದರೂ ಆಗುತ್ತಿತ್ತು. ಅತ್ತೆ ಬಟ್ಟೆಯ ರಾಶಿಯನ್ನು ನೋಡಿ, ಇಸ್ತ್ರಿ ಮಾಡಿಟ್ಟು ಆರಾಮಾಗಿ ಊಟ ಮಾಡಮ್ಮ ಎನ್ನುತ್ತಿದ್ದಳು, ಅಕ್ಕರೆಯ ದನಿಯಲ್ಲಿ. ಗಂಡ ಫೋನಿನಿಂದ ತಲೆಯೆತ್ತದೆ, ಎಲ್ಲಿ ಕೂತು ತಿಂದ್ರೂ ಹೋಗೋದು ಹೊಟ್ಟೆಗೇ ಅಲ್ವಾ ಎನ್ನುತ್ತಿದ್ದ. ಇವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಉಣ್ಣುವುದು ರೂಢಿಯಾಯಿತು. ಅಪ್ಪನಿಗೆ ಫೋನು ಮಾಡಿ ಹೇಳಿದಾಗಲೆಲ್ಲ ಅವರು, ಹೊಸದು, ಸೆಟ್ ಆಗುತ್ತೆ ಎಂದು ಹೇಳಿ ಫೋನಿಟ್ಟಿದ್ದರು. ಸೋಫಾದ ಗಿರಾಕಿಗೆ ಹೇಳುವ ಮಾತಿಗೂ ಇದಕ್ಕೂ ದನಿಯಲ್ಲಿ ಕೂಡ ವ್ಯತ್ಯಾಸವಿರಲಿಲ್ಲ.

"ನಿನ್ನೆ ಮನೆಗೆ ಪೇಂಟ್ ಹೊಡೆಯೋರು ಬಂದಿದ್ರು. ಅತ್ತೆ ತಾವೇ ಆ ಕುರ್ಚಿ ಎಳೆದುಕೊಟ್ರು," ಎಂದಳು ಮಗಳು. "ಅವರಲ್ಲೊಬ್ಬ ಅದರ ಮೇಲೆ ಚಪ್ಪಲಿ ಕಾಲಲ್ಲಿ ನಿಂತ. ನನಗೆ ಕೂರೋಕೆ ಕೊಡದೇ ಇದ್ದ ಕುರ್ಚಿ ಅಪ್ಪ. ಬೆಳಿಗ್ಗೆ ಎದ್ದೆ, ಗಾಡಿ ಕರೆಸಿದೆ, ಬಂದೆ. ನಾನು ವಾಪಸ್ ಹೋಗಲ್ಲ."

ಯಜಮಾನರು ಕುರ್ಚಿಯನ್ನು ನೋಡಿದರು. ಕೂರುವ ಜಾಗದಲ್ಲಿ ಬಿಳಿ ಬಣ್ಣದ ಎರಡು ಹನಿ ಒಣಗಿ ಅಂಟಿಕೊಂಡಿದ್ದವು. ಮೇಲೆ ಹಾಳೆಯನ್ನಾದರೂ ಹಾಸಬೇಕಿತ್ತು, ತೇಗದ ಪಾಲಿಶ್ ಅದು ಎಂದು ಬೀಗರ ಮೇಲೆ ಅವರಿಗೆ ಮೊದಲ ಸಲ ಸಿಟ್ಟು ಬಂತು. ಬೊಚ್ಚು ಬಾಯಿಯಲ್ಲಿ ಅದನ್ನೇ ಹೇಳಿದರು. ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಅವರು ಬೀಗರಿಗೆ ಫೋನು ಮಾಡಿದರು. ಮಗಳು ಬಂದಿದ್ದಾಳೆ, ಏನೋ ಸಣ್ಣ ಮಾತು ಬಂದಿರಬೇಕು ಎಂದು ರಾಗ ಎಳೆದರು. ಆ ಕಡೆಯಿಂದ ಬೀಗಿತ್ತಿ ಫೋನು ತೆಗೆದುಕೊಂಡು, ಕುರ್ಚಿ ಹುಷಾರಾಗಿ ಬಂತಾ ಎಂದು ಕೇಳಿದಳು. ಇದನ್ನು ಯಜಮಾನರು ಒಳ್ಳೇ ಲಕ್ಷಣ ಎಂದುಕೊಂಡರು. ಸಾಮಾನಿನ ಬಗ್ಗೆ ಇಷ್ಟು ಕಾಳಜಿ ಇರುವವರು ಮನುಷ್ಯರನ್ನು ಬಿಟ್ಟಾರೆಯೇ ಎಂದು ಹೆಂಡತಿಗೆ ಹೇಳಿದರು. ಭಾನುವಾರ ಬೀಗರು, ಬೀಗಿತ್ತಿ, ಅಳಿಯ ಮೂವರೂ ಬಂದು ಅವಳನ್ನು ಕರೆದುಕೊಂಡು ಹೋಗುವುದೆಂದು ಮಾತಾಯಿತು. ಮಗಳನ್ನು ಯಾರೂ ಕೇಳಲಿಲ್ಲ. ಸೂಟ್‌ಕೇಸನ್ನು ಬಿಚ್ಚಬೇಡ ಎಂದು ಮಾತ್ರ ಯಜಮಾನರು ಕೋಣೆಯ ಹೊರಗಿನಿಂದ ಕೂಗಿ ಹೇಳಿದರು.

ಶನಿವಾರವೆಲ್ಲ ಅವರು ಕುರ್ಚಿಯ ಹಿಂದೆ ಬಿದ್ದರು. ಥಿನ್ನರಿನಲ್ಲಿ ಬಟ್ಟೆ ಅದ್ದಿ ಬಿಳಿ ಹನಿಗಳನ್ನು ಕರಗಿಸಿದರು, ನುಣ್ಣನೆಯ ಉಪ್ಪುಕಾಗದದಿಂದ ಉಜ್ಜಿದರು, ಪಾಲಿಶ್ ಕೊಟ್ಟರು. ಒಣಗಿದ ಮೇಲೆ ಬೆಳಕಿಗೆ ಹಿಡಿದು, ಬಗ್ಗಿ, ಕಲೆ ಕಾಣುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದರು. ಅದೇ ಕೋಣೆಯಲ್ಲಿ ಮಗಳು ಕಿಟಕಿಯ ಹತ್ತಿರ ಕೂತಿದ್ದಳು. ಅವಳ ಕಣ್ಣಿನ ಕೆಳಗೆ ಕಪ್ಪಾಗಿರುವುದನ್ನು ನೋಡಲು ಬಗ್ಗುವ ಅಗತ್ಯವೂ ಇರಲಿಲ್ಲ, ಆದರೂ ನೋಡಲಿಲ್ಲ. ಕೊನೆಗೆ ಕುರ್ಚಿಗೊಂದು ಹಳೇ ಬೆಡ್‌ಶೀಟು ಸುತ್ತಿ, ಬಾಗಿಲ ಪಕ್ಕದಲ್ಲಿ ಅವಳ ಸೂಟ್‌ಕೇಸಿನ ಜೊತೆಗಿಟ್ಟು, ಎಲ್ಲ ಸೆಟ್ ಎಂದು ಕೈ ಒರೆಸಿಕೊಂಡರು.

ಬೀಗರು ಊಟದ ಹೊತ್ತಿಗೆ ಬಂದರು. ಬೀಗರು ಎನ್ನಿಸಿಕೊಂಡ ಆ ಮನುಷ್ಯ ಬಾಯಿಬಿಟ್ಟರೆ ಹೆಂಡತಿಯ ಮಾತಿನ ಕೊನೆಯ ಪದವನ್ನು ಮಾತ್ರ ಹೇಳುತ್ತಿದ್ದರು. ಅಳಿಯ ಅತ್ತೆಮಾವಂದಿರಿಗೆ ಅರ್ಧ ನಗು ನಕ್ಕು, ಒಳ್ಳೇ ಕುರ್ಚಿ ಯಾವುದೆಂದು ಹುಡುಕಿ ಕೂತು, ಫೋನು ತೆಗೆದ. ಬೀಗಿತ್ತಿ ಬಾಗಿಲ ಹತ್ತಿರವೇ ನಿಂತು, ಬೆಡ್‌ಶೀಟಿನ ಒಂದು ಮೂಲೆ ಎತ್ತಿ ಕೂರುವ ಜಾಗದ ಮೇಲೆ ಬೆರಳಾಡಿಸಿ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ, ಸೊರಗಿದೀಯಲ್ಲಮ್ಮ ಎಂದಳು.

ಊಟದುದ್ದಕ್ಕೂ ಬೀಗಿತ್ತಿಯೇ ಮಾತಾಡಿದಳು. ಸೊಸೆಯನ್ನು ತಾವು ಮಗಳ ಹಾಗೆ ನೋಡಿಕೊಂಡಿದ್ದು, ಒಂದು ದಿನ ಗದರಿಲ್ಲದ್ದು, ಬಟ್ಟೆ ಇಡಲು ಆ ಮನೆಯಲ್ಲಿ ಬೇರೆ ಜಾಗವಿಲ್ಲದ್ದು. ಈ ಹುಡುಗಿ ಹೋದ ಮಾರನೇ ದಿನವೇ ಯಾರೋ ಬಂದು, ಇದೇನು ಐದೇ ಕುರ್ಚಿ ಎಂದು ಕೇಳಿದರಂತೆ. ಆಕೆಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲವಂತೆ. ತಿಳಿಯಲಿಲ್ಲ ಎಂದರು ಬೀಗರು. ಯಜಮಾನರು ಹೊಟ್ಟೆ ಸರಿಯಿಲ್ಲವೆಂಬ ಹಳೇ ನೆಪ ಹೇಳಿ ಖಾಲಿ ತಟ್ಟೆಯ ಮುಂದೆ ಹಲ್ಲು ಬಿಟ್ಟುಕೊಂಡು ಕೂತಿದ್ದರು. ಪ್ರತಿಯೊಂದಕ್ಕೂ, ಅಯ್ಯೋ ಅದಕ್ಕೇನಂತೆ ಎಂದು ತಲೆಯಾಡಿಸಿದರು. ಹೆತ್ತ ಮಗಳು ನಿಂತು ಉಂಡದ್ದರ ಬಗ್ಗೆ ಅವರ ಬಾಯಿಂದ ಒಂದು ಮಾತು ಬರಲಿಲ್ಲ.

ಮಗಳು ಎಲ್ಲರಿಗೂ ಬಡಿಸಿ ಮುಗಿಸಿದಳು. ಆಮೇಲೆ ಬಾಗಿಲ ಹತ್ತಿರ ಹೋಗಿ, ಬೆಡ್‌ಶೀಟು ಬಿಚ್ಚಿ, ಆ ಕುರ್ಚಿಯನ್ನು ಎಳೆದು ತಂದು ಅಪ್ಪನ ಎದುರಿಗೆ ಹಾಕಿಕೊಂಡು ಕೂತಳು. ನೆಲದ ಮೇಲೆ ಕಾಲು ಎಳೆದ ಸದ್ದಿಗೆ ಯಜಮಾನರ ಕೈ ತಾನಾಗಿ ಮುಂದೆ ಬಂತು, ಪಾಲಿಶ್ ಹೋದೀತು ಎಂದು.

"ಊಟ ಮಾಡು, ಬೇಗ ಹೊರಡಬೇಕು," ಎಂದರು. "ದೊಡ್ಡವರು ಬಂದು ಕರೀತಾ ಇದಾರೆ. ಎಲ್ಲ ಸೆಟ್ ಆಗುತ್ತೆ."

"ನಿಮ್ಮ ಹಲ್ಲು ಸೆಟ್ ಆಗಿದೆಯಾ ಅಪ್ಪ?"

ಬೀಗಿತ್ತಿ ಎತ್ತಿದ ಲೋಟವನ್ನು ಹಾಗೇ ಹಿಡಿದಳು. ಯಜಮಾನರು ನಕ್ಕರು. ಆಗದೆ ಏನು, ಮೂರು ವರ್ಷ ಆಯ್ತು, ಸ್ವಂತ ಹಲ್ಲಿನ ಹಾಗೇ ಇದೆ ಎಂದು ಅಂಗಡಿಯ ದನಿಯಲ್ಲಿ ಹೇಳಿ, ಬೀಗರ ಕಡೆ ತಿರುಗಿ ಎಂದಿನಂತೆ ಕಿರಿದು ತೋರಿಸಿದರು.

"ಹಾಗಾದ್ರೆ ಅದನ್ನ ಹಾಕ್ಕೊಂಡೇ ಒಂದು ಸೇಬು ತಿನ್ನಿ," ಎಂದಳು ಮಗಳು. ದನಿ ಏರಿರಲಿಲ್ಲ. "ಪೂರ್ತಿ ತಿನ್ನಿ. ತಿಂದು ಮುಗಿಸಿದ್ರೆ ನಾನು ಈಗಲೇ ಇವರ ಜೊತೆ ಹೋಗ್ತೀನಿ. ಇನ್ಯಾವತ್ತೂ ಫೋನ್ ಮಾಡಿ ನಿಮಗೆ ತೊಂದರೆ ಕೊಡಲ್ಲ."

ಇದೆಂಥ ಹುಡುಗಾಟ ಎಂದು ಬೀಗಿತ್ತಿ ಗಂಡನ ಮುಖ ನೋಡಿದಳು. ಹುಡುಗಾಟ ಎಂದರು ಬೀಗರು. ಅಳಿಯ ಮಾತ್ರ ಬಂದಾಗಿನಿಂದ ಮೊದಲ ಸಲ ಫೋನನ್ನು ಕೆಳಗಿಟ್ಟ. ಮಾವ ಸೇಬು ತಿನ್ನುವುದರಲ್ಲಿ ಕಷ್ಟವೇನಿದೆ, ಬೇಗ ತಿಂದರೆ ಬೇಗ ಹೊರಡಬಹುದಲ್ಲ ಎಂಬಂತಿತ್ತು ಅವನ ಮುಖ. ಯಜಮಾನರು ಹೆಂಡತಿಯ ಕಡೆ ನೋಡಿದರು. ಮೂರು ವರ್ಷ ಹಿಸುಕಿ ಹಿಸುಕಿ ಬಡಿಸಿ ಮಾನ ಕಾಪಾಡಿದವಳು ಈಗಲೂ ಏನಾದರೂ ಹೇಳಿ ಪಾರು ಮಾಡುತ್ತಾಳೆಂದು ಅವರಿಗೆ ಪೂರ್ತಿ ನಂಬಿಕೆಯಿತ್ತು. ಆಕೆ ಗೋಡೆ ಹಿಡಿದು ಎದ್ದಳು, ಒಳಗೆ ಹೋದಳು, ಎರಡು ಸೇಬು ತೊಳೆದು ತಟ್ಟೆಯಲ್ಲಿಟ್ಟುಕೊಂಡು ಬಂದು ಗಂಡನ ಮುಂದೆ ಸರಿಸಿದಳು. ಚಾಕು ತರಲಿಲ್ಲ.

ಈಗಲೂ ಯಜಮಾನರು ಒಂದು ಮಾತು ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ. ಬೀಗರ ಮುಂದೆ ಹಲ್ಲಿನ ಗುಟ್ಟು ಬಿಟ್ಟುಕೊಡುವುದಕ್ಕಿಂತ ಮಗಳನ್ನು ಬಿಟ್ಟುಕೊಡುವುದು ಅವರಿಗೆ ಸುಲಭವಾಗಿತ್ತು. ಸೇಬು ಎತ್ತಿಕೊಂಡು ಕಚ್ಚಿದರು.

ಮೊದಲ ತುಂಡು ಹೇಗೋ ಬಂತು. ಅದನ್ನು ಎಡದವಡೆಗೆ ತಳ್ಳಿ ಅಗಿದರು, ಬಲಕ್ಕೆ ತಳ್ಳಿದರು. ಬಾಯೊಳಗೆ ಲಟಕ್ ಲಟಕ್ ಎಂದು ಸದ್ದಾಗುತ್ತಿತ್ತು. ಬೀಗರು ಕುತೂಹಲದಿಂದ ಸ್ವಲ್ಪ ಮುಂದಕ್ಕೆ ಬಾಗಿ ಕೂತರು. ಯಜಮಾನರು ಕಣ್ಣು ಮುಚ್ಚಿ ಆ ತುಂಡನ್ನು ಅರೆಬರೆಯಾಗಿಯೇ ನುಂಗಿ, ರುಚಿಯಾಗಿದೆ ಎಂದರು. ಎರಡನೇ ಸಲ ಕಚ್ಚಿದಾಗ ಹಣೆಯ ಮೇಲೆ ಬೆವರು ಬಂತು. ಕಣ್ಣಲ್ಲಿ ನೀರು ಬಂತು. ಮಗಳು ಮೇಜಿನ ಮೇಲೆ ಎರಡೂ ಕೈಯಿಟ್ಟು ನೋಡುತ್ತಿದ್ದಳು. ಅವಳ ಮುಖದಲ್ಲಿ ಗೆಲುವಿರಲಿಲ್ಲ, ಹೆದರಿಕೆ ಇತ್ತು. ಅಪ್ಪನ ಹಟ ಅವಳಿಗೆ ಗೊತ್ತಿತ್ತು. ಅವರು ತಿಂದು ಮುಗಿಸಿಯೇಬಿಟ್ಟರೆ ಎದ್ದು ಹೋಗಬೇಕಾದವಳು ಅವಳು. ಬೀಗಿತ್ತಿಗೂ ಅಷ್ಟು ಗೊತ್ತಾಗಿ, ಅಗೀರಿ ಬೀಗರೇ, ನಿಧಾನಕ್ಕೆ ಅಗೀರಿ ಎಂದು ಹುರಿದುಂಬಿಸಿದಳು.

ಮೂರನೇ ಸಲ ಕಚ್ಚಿ ಎಳೆದಾಗ ಮೇಲಿನ ಸಾಲು ಕಳಚಿ ಸೇಬಿನಲ್ಲೇ ಉಳಿಯಿತು.

ಯಾರೂ ನಗಲಿಲ್ಲ. ಯಜಮಾನರು ಕೈಯಲ್ಲಿದ್ದ ಸೇಬನ್ನೂ ಅದಕ್ಕೆ ಕಚ್ಚಿಕೊಂಡಿದ್ದ ತಮ್ಮ ಹಲ್ಲನ್ನೂ ಬೆಪ್ಪಾಗಿ ನೋಡಿದರು. ಸೇಬಿನ ಬಿಳಿಯ ಮೇಲೆ ಕೆಂಪು ಗೆರೆ ಮೂಡಿತ್ತು. ಹೆಂಡತಿ ಎದ್ದು ಬಟ್ಟಲು ತಂದು ಪಕ್ಕದಲ್ಲಿಟ್ಟಳು. ಅವರು ಮೇಲಿನದನ್ನು ಬಿಡಿಸಿ ಅದರಲ್ಲಿ ಹಾಕಿದರು. ಸ್ವಲ್ಪ ಹೊತ್ತು ಬಿಟ್ಟು ಕೆಳಗಿನದನ್ನೂ ತೆಗೆದು ಹಾಕಿದರು. ಮುಖ ಒಮ್ಮೆಗೇ ಕುಸಿದು ಗಲ್ಲ ಮೂಗಿನ ಹತ್ತಿರ ಬಂತು. ಅಂಗಡಿಯ ಯಜಮಾನರು ಹೋಗಿ ಅಲ್ಲೊಬ್ಬ ಮುದುಕ ಕೂತಿದ್ದ. ಅವನು ಮೂರು ವರ್ಷಗಳ ನಂತರ ಮೊದಲ ಸಲ ಪರರ ಮುಂದೆ ಬೊಚ್ಚು ಬಾಯಿ ಒರೆಸಿಕೊಂಡ.

"ಇಲ್ಲೇ ಇರ್ಲಿ ಬಿಡಿ," ಎಂದ.

ಬೀಗಿತ್ತಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಕುರ್ಚಿನಾ?"

ಮುದುಕ ಆಕೆಯನ್ನು ತುಂಬ ಹೊತ್ತು ನೋಡಿದ. ಏನನ್ನೋ ಇಷ್ಟು ದಿನ ತಪ್ಪು ಬೆಲೆಗೆ ಕೊಂಡಿದ್ದೆ ಎನ್ನುವವನ ನೋಟ ಅದು.

"ಕುರ್ಚಿ ತಗೊಂಡು ಹೋಗಿ," ಎಂದ.

ಆಕೆಗೆ ಜೀವ ಬಂದಂತಾಯಿತು. ಅವಮಾನ, ನೆಂಟಸ್ತಿಕೆ, ನಾಲ್ಕು ಜನ ಏನೆಂದಾರು ಎಂದು ಸ್ವಲ್ಪ ಹೊತ್ತು ಕೂಗಾಡಿದಳು, ಕೂಗಾಡದೆ ಹೊರಡುವುದು ಚೆನ್ನಾಗಿರುವುದಿಲ್ಲವೆಂಬಂತೆ. ಅಳಿಯ ಹೆಂಡತಿಯ ಪಕ್ಕದಲ್ಲಿ ಬಂದು ನಿಂತ. ಏನಾದರೂ ಹೇಳುತ್ತಾನೆಂದು ಅವಳು ತಲೆಯೆತ್ತಿ ನೋಡಿದಳು. ಅವನು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡು, ಅವಳು ಏಳಲಿ ಎಂದು ಕಾಯುತ್ತಿದ್ದ. ಅವಳು ಎದ್ದಳು. ಅವನು ಕುರ್ಚಿಯನ್ನು ತಲೆಕೆಳಗು ಮಾಡಿ ಹೆಗಲಿಗೇರಿಸಿಕೊಂಡು, ಗೋಡೆಗೆ ತಾಗದಂತೆ ಜಾಗರೂಕತೆಯಿಂದ ಮೆಟ್ಟಿಲಿಳಿದ. ಅವನು ಅವಳ ಸೂಟ್‌ಕೇಸನ್ನು ಸುತ್ತಿಕೊಂಡು ದಾಟಿ ಹೋಗಿದ್ದನ್ನು ತಾಯಿ ನೋಡಿದಳು.

ಯಜಮಾನರು ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗೆ ಕಾರಿನ ಮೇಲೆ ಕುರ್ಚಿಯನ್ನು ಬೋರಲು ಮಲಗಿಸಿ ಅಳಿಯ ಹಗ್ಗ ಕಟ್ಟುತ್ತಿದ್ದ. ಬೀಗಿತ್ತಿ ಅಲ್ಲಿ ಬಿಗಿ, ಇಲ್ಲಿ ಬಿಗಿ ಎಂದು ತೋರಿಸುತ್ತಿದ್ದಳು. ಗಂಟು ಸರಿಯಾಗಿರಲಿಲ್ಲ. ಎಲೆಯ ಕೆತ್ತನೆಯ ಮೇಲೆಯೇ ಹಗ್ಗ ಉಜ್ಜುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಪಾಲಿಶ್ ಕಿತ್ತು ಬರುತ್ತಿತ್ತು. ಬೇರೆ ದಿನವಾಗಿದ್ದರೆ ಕೂಗಿ ಹೇಳುತ್ತಿದ್ದರು. ಕೈ ಕಿಟಕಿಯ ಸರಳಿನ ಮೇಲೇ ಇತ್ತು. ಕಾರು ಹೊರಟಿತು. ಬೀದಿಯ ತುದಿಯಲ್ಲಿ ತಿರುಗುವವರೆಗೂ ಆಕಾಶಕ್ಕೆ ಎತ್ತಿದ ನಾಲ್ಕು ಕಾಲುಗಳು ಕಾಣುತ್ತಿದ್ದವು.

ಅವರ ಬೆನ್ನ ಹಿಂದೆ ತಾಯಿ ಗಿಡ್ಡ ಕಾಲಿನ ಕುರ್ಚಿಯನ್ನು ಮೇಜಿಗೆ ಎಳೆದದ್ದು ಕೇಳಿಸಿತು. ಮಗಳು ಕೂತಳು. ಕುರ್ಚಿ ಟಕ್ ಎಂದು ಒಂದು ಕಡೆ ವಾಲಿತು, ಮತ್ತೆ ಟಕ್ ಎಂದು ಈ ಕಡೆ ವಾಲಿತು. ಆಮೇಲೆ ತಟ್ಟೆಯಲ್ಲಿ ಉಳಿದಿದ್ದ ಇನ್ನೊಂದು ಸೇಬನ್ನು ಅವಳು ಕಚ್ಚಿದ ಸದ್ದು ಬಂತು.